ಮುತ್ತಜ್ಜಿಯ ತವರಿನ ಕುಲನಾಮ: ಚರ್ಚಿನ ಹಳೆಯ ಪುಸ್ತಕಗಳಲ್ಲಿ ಹುಡುಕುವುದು ಹೇಗೆ?

ಧರ್ಮಕೇಂದ್ರಗಳ ಕಚೇರಿಗೆ ಬರುವ ವಿಚಾರಣೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: “ನಮ್ಮ ಮುತ್ತಜ್ಜಿಯ ಕುಳಾರ್ ಯಾವುದು?” ತಂದೆಯ ಕಡೆಯ ವಂಶಾವಳಿ ನಾಲ್ಕೈದು ತಲೆಮಾರು ಸರಾಗವಾಗಿ ಸಿಗುತ್ತದೆ. ಮದುವೆಯಾಗಿ ಬಂದ ಹೆಣ್ಣಿನ ಕುಲನಾಮವೋ ಗಂಡನ ಕುಲನಾಮದೊಳಗೆ ಕರಗಿಹೋಗಿರುತ್ತದೆ. ಒಂದು ಕವಲಿನವರು ಆಕೆ ಪಿಂಟೊ ಮನೆಯವಳು ಎನ್ನುತ್ತಾರೆ, ಇನ್ನೊಂದು ಕವಲಿನವರು ಲೋಬೊ ಎಂದು ಹಟ ಹಿಡಿಯುತ್ತಾರೆ. ಹಳೆಯ ಪಾಲುಪಟ್ಟಿಯ ತಕರಾರು ಎದ್ದಾಗ ಇಂತಹ ಹಟ ಮನೆಮಂದಿಯ ಮಾತುಕತೆಯನ್ನೇ ನಿಲ್ಲಿಸುವುದುಂಟು.

ಮೊದಲು ನಮ್ಮ ದಾಖಲೆಗಳ ಮಿತಿಯನ್ನು ತಿಳಿದಿರಬೇಕು. ಟ್ರೆಂಟ್ ಮಹಾಸಭೆ 1563ರಲ್ಲಿ ವಿವಾಹ ದಾಖಲೆ ಪುಸ್ತಕವನ್ನು ಕಡ್ಡಾಯಗೊಳಿಸಿತು. 1614ರ ರೋಮನ್ ವಿಧಿಗ್ರಂಥ ನಮೂದಿನ ಮಾದರಿಗಳನ್ನು ಕೊಟ್ಟಿತು. ಆದರೆ ಕೆನರಾದಲ್ಲಿ 1784ರಲ್ಲಿ ಟಿಪ್ಪು ಸುಲ್ತಾನನು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಬಹುತೇಕ ಚರ್ಚುಗಳು ನೆಲಸಮವಾದವು. 1799ರಲ್ಲಿ ಬಿಡುಗಡೆಯಾಗಿ ಮರಳಿದವರು ಚರ್ಚುಗಳನ್ನೂ ಪುಸ್ತಕಗಳನ್ನೂ ಹೊಸದಾಗಿ ಆರಂಭಿಸಬೇಕಾಯಿತು. ಹಾಗಾಗಿ ಹೆಚ್ಚಿನ ಕುಟುಂಬಗಳ ಹುಡುಕಾಟ ಹತ್ತೊಂಬತ್ತನೆಯ ಶತಮಾನದಲ್ಲೇ ನಿಲ್ಲುತ್ತದೆ. ಅದಕ್ಕೂ ಹಿಂದೆ ಹೋಗಬೇಕಾದರೆ ಗೋವೆಯ ಮೂಲ ಊರಿನ ಹೆಸರು ಗೊತ್ತಿರಲೇಬೇಕು; ‘ಗೋವೆಯಿಂದ ಬಂದವರು’ ಎಂಬಷ್ಟರಿಂದ ಏನೂ ಆಗದು.

ಎಲ್ಲಿ ಹುಡುಕಬೇಕು ಎಂಬುದೂ ಸುಲಭದ ಪ್ರಶ್ನೆಯಲ್ಲ. 1838ರ ನಂತರ ಕರಾವಳಿಯಲ್ಲಿ ಗೋವೆಯ ಪದ್ರುವಾದೊ ಆಡಳಿತಕ್ಕೆ ಸೇರಿದವರು, ರೋಮ್‌ನ ಪ್ರೊಪಗಾಂದ ಆಡಳಿತಕ್ಕೆ ಸೇರಿದವರು ಎಂಬ ಎರಡು ಪಂಗಡಗಳಿದ್ದವು. 1845ರಲ್ಲಿ ಮಂಗಳೂರು ಪ್ರತ್ಯೇಕ ವಿಕಾರಿಯೇಟ್ ಆಯಿತು, 1878ರ ಕೊನೆಯಲ್ಲಿ ಯೇಸುಸಭೆಯ ಗುರುಗಳು ಬಂದರು, 1886ರಲ್ಲಿ ಅದು ಧರ್ಮಪ್ರಾಂತ್ಯವಾಯಿತು. ಈ ನಡುವಿನ ವರ್ಷಗಳಲ್ಲಿ ಒಂದು ಚರ್ಚಿನಲ್ಲಿ ಸಿಗದ ನಮೂದು ಹತ್ತಿರದ ಇನ್ನೊಂದು ಚರ್ಚಿನಲ್ಲಿ ಸಿಗಬಹುದು. ಇಂದಿನ ಧರ್ಮಕೇಂದ್ರ 1930ರಲ್ಲಿ ಹುಟ್ಟಿದ್ದರೆ ಅದಕ್ಕಿಂತ ಹಳೆಯ ಪುಸ್ತಕ ತಾಯಿ ಚರ್ಚಿನಲ್ಲಿರುತ್ತದೆ ಎಂಬುದನ್ನೂ ಮರೆಯಬಾರದು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸಿನ ಜ್ಞಾನಸ್ನಾನ-ವಿವಾಹ ಪಟ್ಟಿಗಳು ಮುಖ್ಯವಾಗಿ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆ ಸೇರಿದವು. ನಮ್ಮವರು ಅಲ್ಲಿ ತಿಂಗಳುಗಟ್ಟಲೆ ಹುಡುಕುವುದು ಬಹುತೇಕ ವ್ಯರ್ಥವೇ ಸರಿ.

ಮುತ್ತಜ್ಜಿಯ ಮರಣದ ನಮೂದಿನಿಂದ ಆರಂಭಿಸುವವರೇ ಹೆಚ್ಚು. ಅಲ್ಲಿ ಸಾಮಾನ್ಯವಾಗಿ ‘ಇಂತಹವನ ಹೆಂಡತಿ’ ಎಂದಷ್ಟೇ ಇರುತ್ತದೆ. ಆಕೆಯ ಮಕ್ಕಳೆಲ್ಲರ ಜ್ಞಾನಸ್ನಾನದ ನಮೂದುಗಳನ್ನು ಸಾಲಾಗಿ ಬರೆದುಕೊಳ್ಳುವುದು ಒಳ್ಳೆಯ ದಾರಿ. ನಿಮ್ಮ ಅಜ್ಜ ಒಬ್ಬರದ್ದಲ್ಲ, ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಚಿಕ್ಕಂದಿನಲ್ಲೇ ತೀರಿಹೋದ ಕೂಸುಗಳು, ಎಲ್ಲರದ್ದೂ ಬೇಕು. ಒಬ್ಬ ಗುರು ತಾಯಿಯ ಹೆಸರು ಮಾತ್ರ ಬರೆದಿದ್ದರೆ ಮುಂದೆ ಬಂದ ಗುರು ಕುಲನಾಮವನ್ನೂ ಬರೆದಿರಬಹುದು. ಧರ್ಮಪಿತ, ಧರ್ಮಮಾತೆಯರ ಹೆಸರುಗಳನ್ನು ಬಿಡಬೇಡಿ. ಮೊದಲ ಮಗುವಿಗೆ ತಂದೆಯ ಕಡೆಯವರು, ಎರಡನೆಯ ಮಗುವಿಗೆ ತಾಯಿಯ ಕಡೆಯವರು ನಿಲ್ಲುವ ರೂಢಿ ನಮ್ಮ ಅನೇಕ ಮನೆಗಳಲ್ಲಿತ್ತು; ಎರಡನೆಯ ಮಗನಿಗೆ ತಾಯಿಯ ತಂದೆಯ ಹೆಸರಿಡುವ ಕ್ರಮವೂ ಇತ್ತು. ಇವು ಸುಳಿವುಗಳೇ ಹೊರತು ಪುರಾವೆಗಳಲ್ಲ.

ಈ ಸಾಲಿನಲ್ಲಿ ನಡುವೆ ನಾಲ್ಕೈದು ವರ್ಷ ಖಾಲಿ ಕಂಡರೆ ಅಲ್ಲೇ ನಿಂತು ನೋಡಿ. ಹೆರಿಗೆಯಲ್ಲೋ ಕಾಲರಾದಲ್ಲೋ ಹೆಂಡತಿ ತೀರಿಕೊಂಡು ಗಂಡ ಮರುಮದುವೆಯಾಗಿದ್ದರೆ, ಇಬ್ಬರು ಹೆಂಡಿರ ಹೆಸರೂ ಮರಿಯ ಆಗಿದ್ದರೆ, ಪುಸ್ತಕ ಓದುವವರಿಗೆ ಒಬ್ಬಳೇ ಕಾಣುತ್ತಾಳೆ. ಆಗ ಪಿಂಟೊ ಎಂದವರೂ ಸರಿ, ಲೋಬೊ ಎಂದವರೂ ಸರಿ. ಆಕೆಯೇ ವಿಧವೆಯಾಗಿ ಎರಡನೇ ಮದುವೆಯಾಗಿದ್ದರಂತೂ ಮದುವೆಯ ನಮೂದಿನಲ್ಲಿರುವುದು ಮೊದಲ ಗಂಡನ ಕುಲನಾಮವಾಗಿರಬಹುದು. ಲತೀನಿನಲ್ಲಿ ‘ವಿದುವಾ’ ಅಥವಾ ‘ರೆಲಿಕ್ತಾ’, ಪೋರ್ಚುಗೀಸಿನಲ್ಲಿ ‘ವಿಯುವಾ’ ಎಂಬ ಪದ ಕಂಡಲ್ಲಿ ಅದನ್ನು ತವರಿನ ಹೆಸರೆಂದು ಬರೆದುಕೊಳ್ಳಬೇಡಿ.

ಭಾಷೆಯಿಂದಾಗುವ ಗೊಂದಲ ಇನ್ನೂ ಇದೆ. ಪೋರ್ಚುಗೀಸ್ ಪದ್ಧತಿಯಲ್ಲಿ ಹೆಂಗಸರ ಹೆಸರಿನ ಜೊತೆ ‘ದ ಕೊನ್ಸೆಯ್ಸಾಂವ್’, ‘ದೊ ರೊಜಾರಿಯೊ’, ‘ದಿ ಜೆಜುಸ್’ ಎಂದಿದ್ದರೆ ಅದು ಬಹಳ ಸಲ ಭಕ್ತಿಯ ಹೆಸರು, ಮನೆತನದ್ದಲ್ಲ. ‘ನತುರಾಲ್ ದಿ’ ಎಂದರೆ ಇಂತಹ ಊರಿನವಳು ಎಂದರ್ಥ. ‘ಫಿಲ್ಯ ನತುರಾಲ್’ ಎಂದರೆ ಮದುವೆಯಾಗದ ತಂದೆತಾಯಿಯರ ಮಗಳು. ಒಂದು ಪದ ತಪ್ಪಾಗಿ ಓದಿ ಸತ್ತ ಹೆಣ್ಣಿನ ಮೇಲೆ ಕಳಂಕ ಹೊರಿಸುವುದು ಬೇಡ. ಇಸಾಬೆಲ್, ಎಲಿಜಬೆತ್, ಮನೆಯಲ್ಲಿ ಕರೆಯುವ ಜಾಬೆಲ್ ಮೂರೂ ಒಂದೇ ಹೆಸರು. ರೊಡ್ರಿಗಸ್ ಮತ್ತು ರೊಡ್ರಿಕ್ಸ್ ಎಂಬ ಭೇದ ಗುಮಾಸ್ತರ ಕೈಬರಹದಿಂದಲೂ ಹುಟ್ಟಬಹುದು.

ಮದುವೆಯ ನಮೂದು ವರನ ಚರ್ಚಿನಲ್ಲಿ ಸಿಗದಿದ್ದರೆ ವಧುವಿನ ಊರಿನಲ್ಲಿ ನೋಡಿ. ಮದುವೆಯ ಪ್ರಕಟಣೆಯನ್ನು ಇಬ್ಬರ ಚರ್ಚುಗಳಲ್ಲೂ ಮೂರು ಸಲ ಓದುವ ಕ್ರಮವಿದ್ದುದರಿಂದ ಪ್ರಕಟಣೆಯ ಪುಸ್ತಕ ಉಳಿದಿದ್ದರೆ ಅದೂ ಉಪಯುಕ್ತ. 1917ರ ಧರ್ಮಸಭಾ ಕಾನೂನು ಬರುವ ತನಕ ನಾಲ್ಕನೇ ತಲೆಮಾರಿನ ರಕ್ತಸಂಬಂಧಿಗಳಿಗೂ ಮದುವೆಗೆ ವಿನಾಯಿತಿ ಬೇಕಿತ್ತು. ಆ ಅರ್ಜಿಗಳಲ್ಲಿ ಎರಡೂ ಕಡೆಯ ವಂಶವೃಕ್ಷ ಬರೆಯುತ್ತಿದ್ದರು. ಇಂತಹ ಒಂದು ಹಾಳೆ ಸಿಕ್ಕರೆ ಹತ್ತು ಪುಸ್ತಕಗಳ ಕೆಲಸ ಉಳಿಯುತ್ತದೆ. 1908ರಲ್ಲಿ ಜಾರಿಗೆ ಬಂದ ‘ನೆ ತೆಮೆರೆ’ ಆಜ್ಞೆಯ ನಂತರ ವಧೂವರರ ಜ್ಞಾನಸ್ನಾನದ ನಮೂದಿನ ಬದಿಯಲ್ಲಿ ಮದುವೆಯ ವಿವರ ಬರೆಯಬೇಕಾಯಿತು. ಆ ವರ್ಷದ ನಂತರ ಮದುವೆಯಾದವರಾದರೆ ತವರು ಚರ್ಚಿನ ಆ ಬದಿಯ ಟಿಪ್ಪಣಿಯೇ ಅತ್ಯಂತ ಗಟ್ಟಿಯಾದ ಸಾಕ್ಷಿ.

ಚರ್ಚಿನ ಹೊರಗೆ ನೋಡಬೇಕಾದ್ದು ಉಪನೋಂದಣಿ ಕಚೇರಿ. ತವರಿನ ಪಾಲುಪತ್ರ, ದಾನಪತ್ರ, ಉಯಿಲುಗಳಲ್ಲಿ ಆಕೆ ‘ಇಂತಹವರ ಮಗಳು, ಇಂತಹವರ ಪತ್ನಿ’ ಎಂದು ಎರಡೂ ಗುರುತಿನೊಡನೆ ಕಾಣಿಸಿಕೊಳ್ಳುತ್ತಾಳೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಸರಕಾರಿ ಕಡತ ಹುಡುಕುವವರು ಇದನ್ನು ಗಮನಿಸಬೇಕು.

ಧರ್ಮಕೇಂದ್ರದ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಇವು ಸಾರ್ವಜನಿಕ ಪುಸ್ತಕಗಳಲ್ಲ. ಹೆಸರು, ಅಂದಾಜು ವರ್ಷ, ಕಾರಣ ಬರೆದ ಅರ್ಜಿಯನ್ನು ಪಡೆದು, ವಿಗಾರರ ಅನುಮತಿಯಿಂದ ಬೇಕಾದ ನಮೂದನ್ನಷ್ಟೇ ಕೊಡಿ. ಇಡೀ ಪುಟವನ್ನು ಮೊಬೈಲಿನಲ್ಲಿ ಚಿತ್ರ ತೆಗೆಯಲು ಬಿಟ್ಟರೆ ಅಕ್ಕಪಕ್ಕದ ಮನೆಯವರ ವಿಷಯವೂ ಹೊರಹೋಗುತ್ತದೆ. ಕುಟುಂಬದವರು ಎಷ್ಟೇ ಒತ್ತಾಯಿಸಿದರೂ ಹಳೆಯ ನಮೂದಿನ ಮೇಲೆ ಪೆನ್ನು ಓಡಿಸಿ ಕುಲನಾಮ ಸೇರಿಸಬೇಡಿ. ಪುರಾವೆ ಸಿಕ್ಕಿದ್ದರೆ ಅದನ್ನು ವಿಗಾರರ ಮೂಲಕ ಧರ್ಮಾಧ್ಯಕ್ಷರ ಕಚೇರಿಗೆ ಕಳುಹಿಸಿ, ಅಲ್ಲಿಂದ ಬಂದ ಸೂಚನೆಯಂತೆ ಬದಿಯಲ್ಲಿ ದಿನಾಂಕ ಮತ್ತು ಸಹಿಯೊಡನೆ ಬರೆಯತಕ್ಕದ್ದು.