ಹೆದರಿದ ನಾಯಿಗೆ ಬೇರಿನ ಮದ್ದು: ಬರ್ಮಾದ ಆನೆಯಿಂದ ನಮ್ಮ ಪಡಸಾಲೆ ತನಕ

ಹಸು ಒಂದು ಹೊತ್ತು ಮೇವು ಬಿಟ್ರೆ ನಮ್ಮ ಕಡೆ ಹತ್ತು ಜನ ಹತ್ತು ಮದ್ದು ಹೇಳ್ತಾರೆ. ಗೊಟ್ಟ ತಗಂಬಾ, ಮೆಣಸು ಕುಟ್ಟು, ಓಮ ಹುರಿ ಅಂತ ಕೊಟ್ಟಿಗೆ ತುಂಬ ಜನ ಸೇರಿಬಿಡ್ತಾರೆ. ಅದೇ ನಾಯಿ ಮಂಚದ ಕೆಳಗೆ ನಡುಗ್ತಾ ಕೂತ್ರೆ "ನಾಯಿ ತಾನೆ, ಬಿಡು" ಅಂತಾರೆ. ಈಗ ಕಾಲ ತಿರುಗೈತೆ. ನಾಯಿ ಹೆದರಿಕೆಗೆ ಅಂತಲೇ ಗಿಡಮೂಲಿಕೆ ಮಾತ್ರೆ, ಹನಿ, ಬಿಸ್ಕತ್ತು ಎಲ್ಲಾ ಬಂದಿವೆ. ಡಬ್ಬಿ ಮೇಲೆ ಅಶ್ವಗಂಧ, ಬ್ರಾಹ್ಮಿ, ಜಟಾಮಾಂಸಿ ಅಂತ ಹೆಸರು, ಪಕ್ಕದಲ್ಲಿ ಒಂದು ಹಸಿರು ಎಲೆ ಚಿತ್ರ. ಹೋದ ವರ್ಷ ದೀಪಾವಳಿಗೆ ಮುಂಚೆ ಬೆಂಗಳೂರಿಂದ ಬಂದ ಮಗಳು ನಮ್ಮ ಕೆಂಚನಿಗೆ ಅಂಥದ್ದೇ ಒಂದು ಡಬ್ಬಿ ತಂದ್ಲು. ನಮ್ಮ ಅತ್ತೆ "ಇದೇನು ಹೊಸಾ ವ್ಯಾಪಾರ" ಅಂದ್ರು. ಮಗಳು "ಇದು ನಮ್ಮ ಹಳೇ ವಿದ್ಯೆ ಅಜ್ಜಿ" ಅಂದ್ಲು. ನಾನು ಓದಿರೋದು ಪಿಯುಸಿ ತನಕ. ಆದ್ರೂ ಇವರಿಬ್ಬರಲ್ಲಿ ಯಾರ ಮಾತು ಸರಿ ಅಂತ ತಿಳ್ಕೊಳ್ಳೋಕೆ ಕೂತೆ. ಓದಿ ತಿಳಿದದ್ದನ್ನ ಇಲ್ಲಿ ಬರೀತಾ ಇದೀನಿ.

ಪ್ರಾಣಿಗಳ ವೈದ್ಯ ನಮ್ಮಲ್ಲಿ ಹಳೇದು ಅನ್ನೋದು ನಿಜ. ಆನೆಗೆ ಪಾಲಕಾಪ್ಯ ಮುನಿ ಹೆಸರಿನ ಹಸ್ತ್ಯಾಯುರ್ವೇದ ಐತೆ, ಕುದುರೆಗೆ ಶಾಲಿಹೋತ್ರನ ಹೆಸರಿನ ಶಾಸ್ತ್ರ ಐತೆ. ಕನ್ನಡದಲ್ಲೇ ಸುಮಾರು 900 ವರ್ಷದ ಹಿಂದೆ ಚಾಲುಕ್ಯರ ಮನೆತನದ ಕೀರ್ತಿವರ್ಮ 'ಗೋವೈದ್ಯ' ಬರೆದ. ಆಮೇಲೆ ಅಭಿನವಚಂದ್ರ ಅನ್ನೋನು ಕುದುರೆ ವೈದ್ಯದ ಮೇಲೆ ಕನ್ನಡದಲ್ಲಿ ಬರೆದ. ಹೊಲ ಉಳೋದು, ಹಾಲು ಕೊಡೋದು, ಯುದ್ಧಕ್ಕೆ ಹೋಗೋದು, ಇವಕ್ಕೆಲ್ಲ ಪುಸ್ತಕ ಆಯ್ತು. ನಾಯಿಗೆ? ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ನಾಯಿಗೆ ಒಂದು ಭಾಗ ಸಿಕ್ಕೈತೆ. ಅದು ಬರೋದು ರಾಜರ ವಿನೋದದ ಸಾಲಿನಲ್ಲಿ, ಬೇಟೆ ಆಟದ ಜೊತೆಗೆ.

ಹಂಗಂತ ನಾಯಿಗೆ ಮರ್ಯಾದೆ ಇರ್ಲಿಲ್ಲ ಅಂತ ಅಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ 949-50ರ ಸುಮಾರಿನ ಒಂದು ಕಲ್ಲು ಸಿಕ್ತು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಐತೆ. ತಕ್ಕೋಲದ ಯುದ್ಧ ಗೆದ್ದ ಮೇಲೆ ಗಂಗರ ಬೂತುಗ ತನ್ನ ಬಂಟ ಮಣಲೇರನಿಗೆ "ಏನು ಬೇಕೋ ಕೇಳು" ಅಂದ್ನಂತೆ. ಮಣಲೇರ ಕೇಳಿದ್ದು ಕಾಳಿ ಅನ್ನೋ ನಾಯಿನ. ಆ ಕಾಳಿ ಒಂದು ಹಂದಿ ಜೊತೆ ಕಾದಾಡಿ, ಹಂದಿನೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಗೊರವನನ್ನ ನೇಮಿಸಿದ್ರು. ನಮ್ಮ ಕಡೆ ಇವತ್ತಿಗೂ ಮೈಲಾರಲಿಂಗನ ಗೊರವಯ್ಯಗಳು ಸ್ವಾಮಿಯ ನಾಯಿಗಳು ನಾವು ಅಂತ ದೋಣಿಗೆ ಬಾಯಿ ಹಾಕಿ ತಿಂತಾರೆ. ಧೈರ್ಯದ ನಾಯಿಗೆ ಕಲ್ಲು ಐತೆ, ದೇವರ ನಾಯಿಗೆ ಎಡೆ ಐತೆ. ಹೆದರಿದ ನಾಯಿಗೆ ಮಾತ್ರ ಯಾರೂ ಏನೂ ಬರೆದಿಟ್ಟಂಗೆ ನನ್ನ ಕಣ್ಣಿಗೆ ಬೀಳಲಿಲ್ಲ.

ಹಂಗಾದ್ರೆ ಪ್ರಾಣಿಯ ಮನಸ್ಸು ತಣ್ಣಗೆ ಮಾಡೋ ಬೇರು ಡಬ್ಬಿಗೆ ಇಳಿದದ್ದು ಯಾವಾಗ? ಇದಕ್ಕೆ ಒಂದು ಆನೆ ಕಥೆ ಐತೆ. ಹಿಮಾಲಯ ಕಂಪನಿ ಶುರು ಮಾಡಿದ ಮೊಹಮ್ಮದ್ ಮನಾಲ್ 1930ರಲ್ಲಿ ಬರ್ಮಾದ ಕಾಡಿನಲ್ಲಿ ಹೋಗ್ತಿದ್ದಾಗ, ರೇಗಿದ ಆನೆಗಳಿಗೆ ಹಳ್ಳಿಯೋರು ಒಂದು ಬೇರು ತಿನ್ನಿಸಿ ಸಮಾಧಾನ ಮಾಡೋದನ್ನ ಕಂಡ್ರಂತೆ. ಇದು ಆ ಕಂಪನಿಯೋರೇ ಹೇಳೋ ಕಥೆ. ಆ ಬೇರು ಸರ್ಪಗಂಧ, ನಮ್ಮಲ್ಲಿ ಸೂತ್ರನಾಭಿ ಅಂತಲೂ ಕರೀತಾರೆ. ಅವರು ಅಮ್ಮನ ಬಳೆ ಅಡ ಇಟ್ಟು, ಕೈಯಲ್ಲಿ ಒತ್ತೋ ಮಾತ್ರೆ ಮಿಷನ್ ತಂದು, 1934ರಲ್ಲಿ 'ಸರ್ಪಿನಾ' ಅನ್ನೋ ಮಾತ್ರೆ ಮಾಡಿದ್ರು. ಅದು ಮನುಷ್ಯರ ರಕ್ತದೊತ್ತಡಕ್ಕೆ. ಡೆಹ್ರಾಡೂನಿನಲ್ಲಿ ಹುಟ್ಟಿದ ಆ ಕಂಪನಿ 1975ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಹಾಕ್ತು. ಈಗ ಅವರೂ, ಬೇರೆ ಎಷ್ಟೋ ಜನರೂ ನಾಯಿ ಬೆಕ್ಕಿಗೂ ಗಿಡಮೂಲಿಕೆ ಔಷಧಿ ಮಾಡ್ತಾರೆ. ಆನೆಯಿಂದ ಮನುಷ್ಯನಿಗೆ, ಮನುಷ್ಯನಿಂದ ನಾಯಿಗೆ, ಹಿಂಗೆ ಸುತ್ತಿ ಬಂದಿದೆ ದಾರಿ.

ಸರ್ಪಗಂಧದ ಕಥೆ ಅಲ್ಲಿಗೆ ಮುಗಿಯಲ್ಲ, ಮುಂದಿನ ಭಾಗ ಗಮನ ಇಟ್ಟು ಓದಿ. 1931ರಲ್ಲಿ ಗಣನಾಥ ಸೇನ್, ಕಾರ್ತಿಕ್ ಚಂದ್ರ ಬೋಸ್ ಇಬ್ಬರೂ ಈ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಆಗುತ್ತೆ ಅಂತ ಲೇಖನ ಬರೆದ್ರು. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಇಂಗ್ಲೆಂಡಿನ ಹೃದ್ರೋಗದ ಪತ್ರಿಕೆಯಲ್ಲಿ ಬರೆದ ಮೇಲೆ ಪ್ರಪಂಚಕ್ಕೆಲ್ಲ ಗೊತ್ತಾಯ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯೋರು ಅದರಿಂದ ರಿಸರ್ಪಿನ್ ಅನ್ನೋ ಸಾರ ತೆಗೆದ್ರು. ಹುಚ್ಚಾಸ್ಪತ್ರೆಗಳಲ್ಲಿ ಕೂಗಾಡ್ತಿದ್ದೋರು ತಣ್ಣಗಾದ್ರು. ಕುದುರೆಗಳನ್ನ ಸುಮ್ಮನಿರಿಸೋಕೂ ಅದನ್ನ ಬಳಸಿದ್ರು.

ಆಮೇಲೆ ಅದರ ಇನ್ನೊಂದು ಮುಖ ಕಾಣಿಸ್ತು. ರಿಸರ್ಪಿನ್ ತಗೊಂಡೋರಲ್ಲಿ ಕೆಲವರು ಮಂಕಾಗಿ, ಮನಸ್ಸು ಕುಗ್ಗಿ ಕೂತ್ರು. ಪ್ರಮಾಣ ಜಾಸ್ತಿ ಆದ್ರೆ ರಕ್ತದೊತ್ತಡ ತೀರಾ ಇಳಿದುಬಿಡ್ತಿತ್ತು. ನಿಧಾನಕ್ಕೆ ಡಾಕ್ಟರುಗಳು ಅದನ್ನ ಬಿಟ್ರು. ಅಷ್ಟರಲ್ಲಿ ಕಾಡಿನ ಗಿಡಕ್ಕೂ ಕುತ್ತು ಬಂದಿತ್ತು. ಎಲೆ ಕಿತ್ರೆ ಗಿಡ ಮತ್ತೆ ಚಿಗುರುತ್ತೆ, ಬೇರು ಅಗೆದ್ರೆ ಗಿಡಾನೇ ಹೋಯ್ತು. ಈಗ ಸರ್ಪಗಂಧದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಅಂಕುಶ ಐತೆ. ಬೇರು ನೈಸರ್ಗಿಕವೇ. ಆದ್ರೂ ಆನೆಗೆ ಸಾಕಾಗಿದ್ದು ಮನುಷ್ಯನಿಗೆ ಜಾಸ್ತಿ, ಒಬ್ಬ ಮನುಷ್ಯನಿಗೆ ಹಿಡಿಸಿದ್ದು ಇನ್ನೊಬ್ಬನಿಗೆ ಹಿಡಿಸಲ್ಲ.

ಇದೇ ಮಾತನ್ನ ನಾಯಿಗಳ ಮೇಲೇ ಕಂಡ್ಕೊಂಡೋನು ರಷ್ಯಾದ ಪಾವ್ಲೋವ್. ಗಂಟೆ ಬಾರಿಸಿದ್ರೆ ನಾಯಿ ಜೊಲ್ಲು ಸುರಿಸುತ್ತೆ ಅಂತ ಶಾಲೆಯಲ್ಲಿ ಓದಿದ್ವಲ್ಲ, ಅವನೇ. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡಿಗೆ ದೊಡ್ಡ ಪ್ರವಾಹ ಬಂತು. ಬೋನಿನಲ್ಲಿದ್ದ ನಾಯಿಗಳ ಮೂಗಿನ ತನಕ ನೀರು ಬಂದು, ಕಡೇ ಗಳಿಗೆಯಲ್ಲಿ ಅವನ್ನ ಉಳಿಸಿದ್ರು. ಜೀವ ಉಳೀತು, ಹೆದರಿಕೆ ಹೋಗ್ಲಿಲ್ಲ. ಎಷ್ಟೋ ದಿನ ಆದ ಮೇಲೆ ಬಾಗಿಲ ಸಂದಿಯಿಂದ ಒಂದಿಷ್ಟು ನೀರು ಹರಿಸಿದ್ರೂ ಕೆಲವು ನಾಯಿ ಬೆದರಿ ನಡುಗಿದ್ವು. ಇಂಥ ನಾಯಿಗಳಿಗೆ ಪಾವ್ಲೋವ್ ವಿಶ್ರಾಂತಿ ಕೊಟ್ಟ, ಬ್ರೋಮೈಡ್ ಅನ್ನೋ ಲವಣ ಕೊಟ್ಟ. ಅವನಿಗೆ ತಿಳಿದ ದೊಡ್ಡ ಸಂಗತಿ ಅಂದ್ರೆ, ಗಟ್ಟಿ ಸ್ವಭಾವದ ನಾಯಿಗೆ ಕೊಡೋ ಪ್ರಮಾಣಾನ ಪುಕ್ಕಲು ನಾಯಿಗೆ ಕೊಟ್ರೆ ಗುಣ ಆಗೋ ಬದಲು ಕೆಡುತ್ತೆ. ಪುಕ್ಕಲಿಗೆ ಬಹಳ ಬಹಳ ಕಮ್ಮಿ ಸಾಕು. ಯಾವ ನಾಯಿ ಎಂಥದ್ದು ಅಂತ ಮೊದಲು ನೋಡ್ಬೇಕು, ಆಮೇಲೆ ಅಳತೆ.

ಇನ್ನು ನಮ್ಮ ಡಬ್ಬಿ ಮೇಲಿನ ಹೆಸರುಗಳಿಗೆ ಬರೋಣ. ಅಶ್ವಗಂಧ ಅಂದ್ರೆ ನಮ್ಮ ಹಿರೇಮದ್ದಿನ ಗಿಡ, ಒಣಭೂಮಿಯಲ್ಲೂ ಬೆಳೆಯುತ್ತೆ. ಅದರ ಶಾಸ್ತ್ರೀಯ ಹೆಸರಿನ ಎರಡನೇ ಪದ 'ಸೋಮ್ನಿಫೆರಾ', ಲ್ಯಾಟಿನ್‌ನಲ್ಲಿ ನಿದ್ದೆ ತರೋದು ಅಂತ. ಬ್ರಾಹ್ಮಿ ವಿಷಯದಲ್ಲಿ ಹುಷಾರು. ನಾವು ಚಟ್ನಿ, ತಂಬುಳಿ ಮಾಡೋ ಒಂದೆಲಗವನ್ನ ಬ್ರಾಹ್ಮಿ ಅಂತೀವಿ, ಬೇರೆಯೋರು ನೀರುಬ್ರಾಹ್ಮಿಯನ್ನ ಬ್ರಾಹ್ಮಿ ಅಂತಾರೆ. ಎರಡೂ ಬೇರೆ ಬೇರೆ ಗಿಡ. ಶಂಖಪುಷ್ಪಿದೂ ಇದೇ ಗೋಳು: ನಮ್ಮ ಬೇಲಿ ಮೇಲಿನ ನೀಲಿ ಹೂವಿನ ಬಳ್ಳಿನೂ ಅದೇ ಹೆಸರು, ನೆಲದ ಮೇಲೆ ಹರಡೋ ಇನ್ನೊಂದು ಗಿಡಾನೂ ಅದೇ ಹೆಸರು. ಹೆಸರು ನೋಡಿ ಹಿತ್ತಲಿಂದ ಕಿತ್ತು ನಾಯಿಗೆ ಅರೆದು ಕುಡಿಸಿದ್ರೆ ಏನು ಕುಡಿಸಿದ್ವಿ ಅಂತ ನಮಗೇ ಗೊತ್ತಿರಲ್ಲ.

ಮನೆ ಮದ್ದಿನಲ್ಲೂ ಹಂಗೇ. ಎಳೆ ಕೂಸು ನಿದ್ದೆ ಮಾಡ್ಲಿಲ್ಲ ಅಂದ್ರೆ ಜಾಜಿಕಾಯಿ ಎರಡು ಸುತ್ತು ತೇದು ನೆಕ್ಕಿಸ್ತಿದ್ರು ನಮ್ಮವ್ವ. ನಾಯಿಗೆ ಜಾಜಿಕಾಯಿ ವಿಷ. ಹೆಚ್ಚಾದ್ರೆ ಎದೆಬಡಿತ ಏರುತ್ತೆ, ಭ್ರಮೆ ಹಿಡಿಯುತ್ತೆ, ಫಿಟ್ಸೂ ಬರಬಹುದು. ಅಶ್ವಗಂಧ ಒಳ್ಳೇದು ಅಂತ ಮನೇಲಿರೋ ಅಶ್ವಗಂಧಾರಿಷ್ಟನ ಅನ್ನಕ್ಕೆ ಕಲಸಬಾರದು. ಅರಿಷ್ಟ, ಆಸವ ಎಲ್ಲಾ ಹುಳಿಬರಿಸಿ ಮಾಡೋವು, ಅವುಗಳಲ್ಲಿ ಮದ್ಯಸಾರ ಇರುತ್ತೆ. ಸಕ್ಕರೆ ಬದಲು ಕ್ಸೈಲಿಟಾಲ್ ಹಾಕಿರೋ ಸಿರಪ್ಪು ನಾಯಿ ಜೀವಕ್ಕೇ ಅಪಾಯ. ಈರುಳ್ಳಿ, ಬೆಳ್ಳುಳ್ಳಿ ಅದರ ರಕ್ತ ಕೆಡಿಸ್ತವೆ. ನಮ್ಮ ಹೊಟ್ಟೆಗೆ ಹಿತ ಅನ್ನೋದೆಲ್ಲ ಅದರ ಹೊಟ್ಟೆಗೆ ಹಿತ ಅಲ್ಲ.

ಹೆದರಿಕೆ ಅನ್ನೋದು ನಾಯಿಯ ನಾಟಕನೂ ಅಲ್ಲ. 2020ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದೋರು 13,700ಕ್ಕೂ ಹೆಚ್ಚು ಸಾಕುನಾಯಿಗಳ ವಿಷಯ ಮನೆಯೋರನ್ನ ಕೇಳಿ ಲೆಕ್ಕ ಹಾಕಿದ್ರು. ನೂರಕ್ಕೆ 32 ನಾಯಿ ಸದ್ದಿಗೆ ಹೆದರೋವು. ನಮ್ಮ ಕೆಂಚನೂ ಆ ಲೆಕ್ಕದವನೇ. ಆದ್ರೆ ಅವನಲ್ಲಿ ಒಂದು ವಿಚಿತ್ರ ಐತೆ. ನಮ್ಮದು ಜಂಕ್ಷನ್ ಊರು. ಹುಬ್ಬಳ್ಳಿ ಕಡೆ, ಬೆಂಗಳೂರು ಕಡೆ, ಚಿತ್ರದುರ್ಗ ಕಡೆ ಅಂತ ಹಗಲೂ ರಾತ್ರಿ ಗಾಡಿ. ಗೂಡ್ಸು ಗಾಡಿ ಕೂಗು ಹಾಕ್ತಾ ಹೋದ್ರೆ ಅವನು ಕಿವಿನೂ ಅಲ್ಲಾಡಿಸಲ್ಲ. ಒಂದು ಆನೆಪಟಾಕಿ ಸಿಡಿದ್ರೆ ಮಾತ್ರ ಮೂತ್ರ ಮಾಡ್ಕೊಂಡು ಓಡ್ತಾನೆ. ಇದಕ್ಕೂ ಅಮೆರಿಕದ ಸ್ಕಾಟ್, ಫುಲ್ಲರ್ ಅನ್ನೋರು 1965ರಲ್ಲಿ ಬರೆದ ಪುಸ್ತಕದಲ್ಲಿ ಉತ್ತರದ ಎಳೆ ಸಿಗುತ್ತೆ. ಮರಿ ಮೂರು ವಾರದಿಂದ ಹನ್ನೆರಡು ವಾರದ ತನಕ ಏನೇನು ನೋಡಿ ಒಗ್ಗುತ್ತೋ ಅದು ಅದರ ಪ್ರಪಂಚ ಆಗುತ್ತೆ. ಕೆಂಚ ಹುಟ್ಟಿದ್ದೇ ಸ್ಟೇಷನ್ ಹಿಂದಿನ ಬೇಲಿ ಸಾಲಿನಲ್ಲಿ, ಬೇಸಿಗೆಯಲ್ಲಿ. ರೈಲು ಅವನ ಜೋಗುಳ. ಪಟಾಕಿ ಅವನ ಕಿವಿಗೆ ಬಿದ್ದಿದ್ದು ಆ ವಯಸ್ಸು ಕಳೆದ ಮೇಲೆ.

ರೈಲಿಗೆ ಹೆದರಲ್ಲ ಅನ್ನೋದೇ ನಮ್ಮ ಭಯ. ಪಟಾಕಿಗೆ ಬೆದರಿ ಓಡೋ ನಾಯಿ ಹಳಿ ನೋಡಲ್ಲ. ನಮ್ಮ ಬೀದಿಯಲ್ಲೇ ಒಂದು ನಾಯಿ ದೀಪಾವಳಿ ರಾತ್ರಿ ಹಂಗೆ ಓಡಿಹೋಗಿ ಬೆಳಿಗ್ಗೆ ಹಳಿ ಮಗ್ಗುಲಲ್ಲಿ ಸಿಕ್ತು. ಆ ಮನೆ ಹುಡುಗ ವಾರ ಸರಿಯಾಗಿ ಊಟ ಮಾಡ್ಲಿಲ್ಲ. ಅದಕ್ಕೇ ಮಗಳು ಡಬ್ಬಿ ತಂದಿದ್ದು, ಅದಕ್ಕೇ ನಾನು ಅದನ್ನ ಮೂಲೆಗೆ ಎಸೀಲಿಲ್ಲ. ಡಬ್ಬಿ ಸಮೇತ ದನದ ಡಾಕ್ಟ್ರ ಹತ್ರ ಹೋದ್ವಿ. ನಮ್ಮ ಕಡೆ ನಾಯಿಗೂ ಅವರೇ ಡಾಕ್ಟ್ರು. ಅವರು ಮೊದಲು ಕೆಂಚನ ತೂಕ ಹಾಕಿಸಿದ್ರು, 16 ಕೆಜಿ. ಡಬ್ಬಿ ಓದಿ, "ಇದು ಇವತ್ತು ಕೊಟ್ಟು ಇವತ್ತೇ ಕೆಲಸ ಮಾಡೋದಲ್ಲಮ್ಮ, ಕೊಡೋದಾದ್ರೆ ಕೆಲವು ವಾರ ಮುಂಚೆಯಿಂದ, ಈ ತೂಕಕ್ಕೆ ಇಷ್ಟೇ" ಅಂತ ಬರೆದುಕೊಟ್ರು. ಬೇರೆ ಮಾತ್ರೆ ನಡೀತಾ ಇದ್ರೆ, ಬಸಿರಿ ನಾಯಿ ಆದ್ರೆ, ಕೇಳದೆ ಕೊಡಲೇಬಾರದು ಅಂದ್ರು. ಇದ್ದಕ್ಕಿದ್ದಂಗೆ ನಾಯಿ ಸ್ವಭಾವ ಬದಲಾದ್ರೆ ಹೆದರಿಕೆ ಅಂತ ಮನೆಯಲ್ಲಿ ಮದ್ದು ಮಾಡ್ತಾ ಕೂರಬೇಡಿ, ಹುಚ್ಚುರೋಗದ ಲಸಿಕೆ ಆಗೈತಾ ನೋಡಿ, ಮೊದಲು ಕರ್ಕೊಂಡು ಬನ್ನಿ ಅಂತಲೂ ಹೇಳಿದ್ರು.

ಉಳಿದದ್ದೆಲ್ಲ ಮದ್ದಿಲ್ಲದ ಮದ್ದು. ಸಂಜೆ ಬೆಳಕಿರುವಾಗಲೇ ತಿರುಗಾಡಿಸಿ, ಊಟ ಹಾಕಿ, ನಡುಮನೆ ಒಳಗೆ ಬಿಡೋದು. ಕಿಟಕಿ ಮುಚ್ಚಿ, ಗೋಣಿಚೀಲ ಹಾಸಿ, ಟಿವಿ ಸ್ವಲ್ಪ ಜೋರಾಗಿ ಇಡೋದು. ಕೊರಳಪಟ್ಟಿಗೆ ನಮ್ಮ ಫೋನ್ ನಂಬರು ಹೊಲಿಯೋದು. ಮೈ ಸವರಿದ್ರೆ ಹೆದರಿಕೆ ಇನ್ನೂ ಜಾಸ್ತಿ ಆಗುತ್ತೆ ಅನ್ನೋದು ಸುಳ್ಳಂತೆ, ಹತ್ರ ಬಂದ್ರೆ ಸವರಿ. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10 ಅಂತ ಎರಡು ಗಂಟೆ ಗೊತ್ತು ಮಾಡ್ತು. ಅದನ್ನ ಬೀದಿಯ ಹುಡುಗರು ಪಾಲಿಸಿದ್ರೆ ಅದೇ ಎಲ್ಲಕ್ಕಿಂತ ಒಳ್ಳೇ ಮದ್ದು, ಅಡ್ಡಪರಿಣಾಮ ಇಲ್ಲ.

ಅತ್ತೆ ಹೇಳಿದ್ದೂ ಸರಿ, ಮಗಳು ಹೇಳಿದ್ದೂ ಸರಿ. ಡಬ್ಬಿ ಹೊಸದು, ಬೇರು ಹಳೇದು. ಆದ್ರೆ ಹಳೇ ವಿದ್ಯೆ ಬರೀ ಬೇರಿನಲ್ಲಿ ಇರ್ಲಿಲ್ಲ. ಆನೆ ಜೊತೆ ಹಗಲೂ ರಾತ್ರಿ ಇದ್ದು, ಎಷ್ಟು ತಿನ್ನಿಸಬೇಕು, ಯಾವಾಗ ನಿಲ್ಲಿಸಬೇಕು ಅಂತ ಅದರ ಕಣ್ಣು ನೋಡಿ ತಿಳೀತಿದ್ನಲ್ಲ ಮಾವುತ, ವಿದ್ಯೆ ಅವನದು. ಡಬ್ಬಿಯಲ್ಲಿ ಬೇರು ಬರುತ್ತೆ, ಮಾವುತ ಬರಲ್ಲ. ಆ ಕೆಲಸ ಮನೆಯೋರೇ ಮಾಡ್ಬೇಕು. ನಿಮ್ಮನೆ ಹಿರಿಯರು ನಾಯಿಗೆ, ದನಕ್ಕೆ ಏನು ಕೊಡ್ತಿದ್ರು, ಎಷ್ಟು ಕೊಡ್ತಿದ್ರು, ಯಾವುದನ್ನ ಕೊಡಬಾರದು ಅಂತಿದ್ರು, ಅವರು ಇರುವಾಗಲೇ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗಿಡದ ಹೆಸರಿನ ಜೊತೆ ಒಂದು ಎಲೆನೂ ಒಣಗಿಸಿ ಅಂಟಿಸಿ.