ಶುಲ್ಕವೂ ಉಪಾಯನವೂ

ಸುಂಕದವನೊಡನೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯು ನಮ್ಮ ಜನರ ಬಾಯಲ್ಲಿ ಇಂದಿಗೂ ಉಳಿದಿರುವುದು. ಈಗ ಘಟ್ಟದ ಬಾಯಿಯಲ್ಲಿ ಹೇರೆತ್ತುಗಳನ್ನು ತಡೆಯುವ ಸುಂಕದ ಕಟ್ಟೆಯಿಲ್ಲ. ಆದರೆ ಪರದೇಶದಲ್ಲಿರುವ ಮಗನು ಕಳುಹಿಸಿದ ಪೊಟ್ಟಣವನ್ನು ಅಂಚೆಯವನು ಬಾಗಿಲಿಗೆ ತಂದು ಇಷ್ಟು ಹಣ ಕೊಡಬೇಕೆಂದಾಗ ಆ ಗಾದೆಯ ಅರ್ಥವು ಪುನಃ ಮನಸ್ಸಿಗೆ ತಟ್ಟುವುದು.

1905ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನ ವಿಷಯವಾಗಿ ಒಂದು ಪ್ರಕರಣವಿರುವುದು. ನಗರದ್ವಾರದ ಬಳಿ ಧ್ವಜ ನೆಟ್ಟು, ಬಂದ ವರ್ತಕನು ಯಾರು, ಎಲ್ಲಿಯವನು, ಎಷ್ಟು ಸರಕು ತಂದಿರುವನು, ಮುದ್ರೆ ಎಲ್ಲಿ ಒತ್ತಿಸಿಕೊಂಡನು ಎಂದು ಬರೆದುಕೊಳ್ಳಬೇಕು. ಹೊರಗಿನಿಂದ ಬಂದ ಸರಕಿಗೆ ಸಾಮಾನ್ಯವಾಗಿ ಬೆಲೆಯ ಐದನೆಯ ಒಂದು ಪಾಲು ಸುಂಕ. ಆದರೆ ವಿವಾಹ, ಯಜ್ಞ, ಹೆರಿಗೆ, ದೇವಪೂಜೆ, ಉಪನಯನ ಮುಂತಾದವುಗಳಿಗೆ ಒಯ್ಯುವ ವಸ್ತುಗಳಿಗೂ, ಉಪಾಯನಕ್ಕೂ ಸುಂಕವಿಲ್ಲ. ದುರ್ಲಭವಾದ ಬೀಜಗಳನ್ನೂ ಸುಂಕವಿಲ್ಲದೆ ಬಿಡತಕ್ಕದ್ದು. ಈ ವಿನಾಯತಿಯನ್ನು ಸುಳ್ಳು ಹೇಳಿ ಪಡೆದವನಿಗೆ ಮಾತ್ರ ಕಳ್ಳನಿಗಾಗುವ ದಂಡ.

ನಮ್ಮ ಕಾಲದಲ್ಲಿಯೂ ಐದು ಸಾವಿರ ರೂಪಾಯಿಯವರೆಗಿನ ಉಡುಗೊರೆಗೆ ಸುಂಕವಿರಲಿಲ್ಲ. ಅಂತರ್ಜಾಲದಲ್ಲಿ ವ್ಯಾಪಾರ ನಡೆಸುವ ವಿದೇಶದ ಅಂಗಡಿಗಳು ಮಾರಿದ ಸರಕಿನ ಮೇಲೂ ಉಡುಗೊರೆಯೆಂದು ಬರೆದು ಕಳುಹಿಸತೊಡಗಿದುದರಿಂದ, 2019ರ ಡಿಸೆಂಬರ್ 12ರಂದು ಕೇಂದ್ರ ಸರಕಾರವು ಆ ದಾರಿಯನ್ನು ಮುಚ್ಚಿತು. ರಾಖಿಯೂ ಪ್ರಾಣರಕ್ಷಕ ಔಷಧಗಳೂ ಮಾತ್ರ ಉಳಿದುವು. ಕೌಟಿಲ್ಯನು ಸುಳ್ಳು ಹೇಳಿದವನನ್ನು ದಂಡಿಸಿದನು; ನಾವು ಉಪಾಯನವನ್ನೇ ದಂಡಿಸಿದೆವು. ಮೊದಲನೆಯದೇ ನ್ಯಾಯವೆಂದು ನನ್ನ ಅಭಿಪ್ರಾಯ.

ನಮ್ಮ ಸೀಮೆಗೆ ಗಡಿಯ ಕಷ್ಟವು ಹೊಸದಲ್ಲ. ಘಟ್ಟದ ಕೆಳಗಿನ ಅಮರಸುಳ್ಯವು ಕೊಡಗಿನ ಅರಸರ ವಶದಲ್ಲಿದ್ದಾಗ ಮಂಗಳೂರು ಪರರಾಜ್ಯವಾಗಿತ್ತು. 1834ರಲ್ಲಿ ಕೊಡಗು ಕಂಪೆನಿಯ ಪಾಲಾಗಿ ಈ ಭಾಗವು ಕನ್ನಡ ಜಿಲ್ಲೆಗೆ ಸೇರಿತು. ಮೊದಲು ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕಾಯಿತು. ಉಪ್ಪು, ಹೊಗೆಸೊಪ್ಪುಗಳಾದರೋ ಆ ಜಿಲ್ಲೆಯಲ್ಲಿ ಕಂಪೆನಿಯ ಸ್ವಾಮ್ಯದಲ್ಲಿದ್ದುವು. 1837ರ ದಂಗೆಗೆ ಇತರ ಕಾರಣಗಳೊಡನೆ ಈ ನಗದಿನ ಸಂಕಟವೂ ಕೂಡಿತು. ಮದರಾಸು ಪ್ರಾಂತದಲ್ಲಿ ಒಳನಾಡಿನ ಸಾಗಣೆಯ ಸುಂಕವು 1844ರಲ್ಲಿ ರದ್ದಾಯಿತು.

ಇಷ್ಟು ಹೇಳಿ ಸುಂಕವನ್ನು ಬೈಯುವುದು ಸುಲಭ. ಆದರೆ ಅಂಗಳದಲ್ಲಿ ಅಡಿಕೆ ಒಣಗುತ್ತಿರುವುದು. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದುದೇ ಅಡಿಕೆಯ ಬೆಲೆ ಕುಸಿದ ಕಷ್ಟದಿಂದ. ವಿದೇಶದ ಅಡಿಕೆಗೆ ಶೇಕಡಾ 100 ಸುಂಕವಿರುವುದಲ್ಲದೆ, ಗೊತ್ತುಪಡಿಸಿದ ಬೆಲೆಗಿಂತ ಅಗ್ಗವಾದುದನ್ನು ತರಿಸಲಾಗದು. 2023ರ ಫೆಬ್ರವರಿಯಲ್ಲಿ ಆ ಬೆಲೆಯು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿದಾಗ ಪುತ್ತೂರು, ಸುಳ್ಯ, ಕಡಬಗಳ ತೋಟದವರಿಗೆ ಸಮಾಧಾನವಾಯಿತು. ಅದಕ್ಕೆ ಹಿಂದಿನ ವರ್ಷ ಭೂತಾನದಿಂದ 17,000 ಟನ್ ಹಸಿ ಅಡಿಕೆಯನ್ನು ಈ ನಿಯಮವಿಲ್ಲದೆ ಬಿಟ್ಟುದಕ್ಕೆ ನಮ್ಮವರು ಬಹಳವಾಗಿ ಕಳವಳಪಟ್ಟಿದ್ದರು.

ಅಡಿಕೆಯ ಮೇಲಿನ ಶೇಕಡಾ 100 ಸಾಲದೆನ್ನುವ ಮನೆಯಲ್ಲಿಯೇ, ವಿದೇಶದ ಪುಸ್ತಕಗಳ ಮೇಲೆ 2019ರಲ್ಲಿ ಹಾಕಿದ ಶೇಕಡಾ 5 ಅನ್ಯಾಯವೆಂಬ ಮಾತೂ ಕೇಳಿಬರುವುದು. ನಾನೂ ಹಾಗೆ ಹೇಳಿದವನೇ.