ಕಲಾವಿದರ ದೈವಕರೆ

ಕಲಾಪ್ರತಿಭೆ ದೇವರ ವರ, ಅದನ್ನು ಲೋಕದ ಒಳಿತಿಗೆ ಸಲ್ಲಿಸುವುದು ಪಡೆದವರ ಹೊಣೆ ಎನ್ನುವ ಕಥೋಲಿಕ ಚಿಂತನೆಯೇ ಕಲಾವಿದರ ದೈವಕರೆ. ದೇವರೇ ಯೇಸುವಿನಲ್ಲಿ ಮನುಷ್ಯನಾದದ್ದರಿಂದ ಆತನನ್ನು ಚಿತ್ರಿಸಬಹುದೆಂಬ ವಾದ ಇದರ ಬುನಾದಿ. ಇದೇ ವಾದದ ಮೇಲೆ 787ರ ಎರಡನೇ ನೈಸೀಯ ಮಹಾಸಭೆ ಪವಿತ್ರ ಚಿತ್ರಗಳ ಗೌರವವನ್ನು ಎತ್ತಿಹಿಡಿಯಿತು.

ಈ ಚಿಂತನೆಯ ಮುಖ್ಯ ದಾಖಲೆ, 1999ರ ಈಸ್ಟರ್ ದಿನ ಪೋಪ್ ಎರಡನೇ ಜಾನ್ ಪಾಲ್ ಕಲಾವಿದರಿಗೆ ಬರೆದ ಪತ್ರ. ನಾಜಿ ಆಳ್ವಿಕೆಯ ಕಾಲದಲ್ಲಿ ಕ್ರಾಕೋವ್‌ನ ಗುಪ್ತ ರಂಗತಂಡದಲ್ಲಿ ನಟಿಸಿದ್ದ, ಸ್ವತಃ ನಾಟಕ ಬರೆದಿದ್ದ ಅವರ ಮಾತಿಗೆ ಅನುಭವದ ತೂಕವಿದೆ. ಶೂನ್ಯದಿಂದ ಸೃಷ್ಟಿಸುವವನು ದೇವರೊಬ್ಬನೇ, ಇರುವುದಕ್ಕೆ ರೂಪ ಮತ್ತು ಅರ್ಥ ಕೊಡುವವನು ಕಲಾವಿದ ಎಂದು ಅವರು ಬೇರ್ಪಡಿಸಿದರು. ಅದಕ್ಕೂ ಮುನ್ನ, 1964ರಲ್ಲಿ, ಪೋಪ್ ಆರನೇ ಪಾಲ್ ವ್ಯಾಟಿಕನ್‌ನ ಸಿಸ್ಟೀನ್ ಪ್ರಾರ್ಥನಾಲಯದಲ್ಲಿ ಕಲಾವಿದರನ್ನು ಕರೆಸಿ, ಧರ್ಮಸಭೆ ಅವರ ಮೇಲೆ ಹೇರಿದ ಕಟ್ಟುಪಾಡುಗಳಿಗಾಗಿ ಕ್ಷಮೆ ಕೋರಿದ್ದರು. ಆ ನಡೆ ಇಂದಿಗೂ ಮನ ತಟ್ಟುವಂಥದ್ದು.

ಈ ಕರೆಯ ಆದರ್ಶ ರೂಪವೆಂದರೆ 15ನೇ ಶತಮಾನದ ಡೊಮಿನಿಕನ್ ಸನ್ಯಾಸಿ ಫ್ರಾ ಆಂಜೆಲಿಕೊ. ಫ್ಲಾರೆನ್ಸ್‌ನ ಸಾನ್ ಮಾರ್ಕೊ ಮಠದ ಪುಟ್ಟ ಕೋಣೆಗಳ ಗೋಡೆಗಳಲ್ಲಿ, ಸನ್ಯಾಸಿಗಳ ಧ್ಯಾನಕ್ಕೆಂದೇ ಅವರ ಚಿತ್ರಗಳಿವೆ. ಒಂದರಲ್ಲಿ ಕಣ್ಣು ಕಟ್ಟಿಸಿಕೊಂಡು ಕುಳಿತ ಕ್ರಿಸ್ತನನ್ನು ಹಿಂಸಿಸುವವರ ದೇಹಗಳೇ ಇಲ್ಲ. ಹೊಡೆಯುವ ಕೈಗಳು, ಉಗುಳುವ ಒಂದು ತಲೆ ಮಾತ್ರ. ಕೆಳಗೆ ಡೊಮಿನಿಕನ್ ಸಂಘದ ಸ್ಥಾಪಕ ಸಂತ ಡೊಮಿನಿಕ್ ಪುಸ್ತಕದಲ್ಲಿ ಮುಳುಗಿದ್ದಾರೆ. ಎರಡನೇ ಜಾನ್ ಪಾಲ್ 1982ರಲ್ಲಿ ಫ್ರಾ ಆಂಜೆಲಿಕೊಗೆ ಸಂತ ಪದವಿಗೆ ಹಿಂದಿನ ಹಂತವಾದ ‘ಧನ್ಯ’ ಪದವಿ ನೀಡಿ, 1984ರಲ್ಲಿ ಅವರನ್ನು ಕಲಾವಿದರ ಪಾಲಕರೆಂದು ಸಾರಿದರು.

ಕರ್ನಾಟಕದಲ್ಲಿ ಇದೇ ಪರಂಪರೆಗೆ ಸೇರಿದವರು ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೆನಿ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ, ಚಾವಣಿಗಳ ಚಿತ್ರಗಳು ಅವರವು.